ಮೇಜಿನ ಮೇಲೆ ಎಲ್ಲ ಸರಿಯಿತ್ತು

“ಅಜ್ಜಾರ, ರೋಗಾನ ಇಲ್ಲದ ಜೀವ ಹೆಂಗ ಹೋಗತೈತ್ರಿ?”

ಮಠದ ಕಟ್ಟೆಯ ಮೇಲೆ ಕೂತಿದ್ದ ಶಿಷ್ಯ ಗುರುಗಳನ್ನು ಕೇಳಿದ. ಅವನ ತಂಗಿ ನೀಲವ್ವ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಗಂಡನ ತುಂಬಿದ ಮನೆಯಲ್ಲಿ ಅವಳು ಆಗಾಗ ಕಣ್ಣುಕತ್ತಲೆ ಬಂದು ಬೀಳುತ್ತಿದ್ದಳು. ಸುದ್ದಿ ಬಂದಾಗಲೆಲ್ಲ ಇವನು ಹೋಗಿ ತವರಿಗೆ ಕರೆತರುತ್ತಿದ್ದ. ತವರಿನಲ್ಲಿ ನಾಲ್ಕು ದಿನ ಉಂಡು ಮಲಗಿ ಎದ್ದರೆ ಅವಳ ಮುಖಕ್ಕೆ ಕಳೆ ಬರುತ್ತಿತ್ತು. ಡಾಕ್ಟರು ನಾಡಿ ನೋಡಿ, ರಕ್ತ ನೋಡಿ, ಏನೂ ಇಲ್ಲ ಅನ್ನುತ್ತಿದ್ದರು. ಇವನು ಸಮಾಧಾನದಿಂದ ಹೊಸ ಸೀರೆ ಕೊಟ್ಟು, ಉಡಿ ತುಂಬಿಸಿ, ಮರಳಿ ಕಳಿಸುತ್ತಿದ್ದ. ಕೊನೆಯ ಸಲ ಹೋದವಳು ರೊಟ್ಟಿ ಬಡಿಯುತ್ತಲೇ ಒಲೆಯ ಮುಂದೆ ಬಿದ್ದಳು. ಮತ್ತೆ ಏಳಲಿಲ್ಲ.

ಅಜ್ಜ ಸನ್ಯಾಸಕ್ಕೆ ಮೊದಲು ಕಾರ್ಖಾನೆಯಲ್ಲಿ ದುಡಿದವರು. ಪುರಾಣಕ್ಕಿಂತ ಯಂತ್ರದ ಕತೆ ಹೇಳುವುದೇ ಹೆಚ್ಚು. ಶಿಷ್ಯರು ಬೆನ್ನ ಹಿಂದೆ ಅವರನ್ನು ಮೆಕ್ಯಾನಿಕ್ ಅಜ್ಜ ಎಂದು ಆಡಿಕೊಳ್ಳುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅವತ್ತೂ ಅಂಥದೇ ಒಂದು ಕತೆ ಶುರುಮಾಡಿದರು.

ಒಂದು ಕಾರ್ಖಾನೆಯಲ್ಲಿ ಒಂದು ಪರೀಕ್ಷಾಯಂತ್ರವಿತ್ತು. ತಯಾರಾದ ಸಾಮಾನನ್ನು ಅಳೆದು, ಇದು ಸರಿ, ಇದು ತಪ್ಪು ಎಂದು ಹೇಳುವುದು ಅದರ ಕೆಲಸ. ನೋಡಲು ಖಾನೆಗಳಿರುವ ಕಪಾಟಿನಂತೆ. ಒಂದೊಂದು ಖಾನೆಗೆ ಒಂದೊಂದು ಕಾರ್ಡು, ಅಂದರೆ ಬಿಡಿಭಾಗಗಳನ್ನು ಬೆಸೆದ ತೆಳು ಹಲಗೆ, ತಳ್ಳಿ ಕೂರಿಸಬೇಕು. ಒಂದು ಕಾರ್ಡು ಒಂದು ಬಗೆಯ ಅಳತೆ ಮಾಡಿದರೆ ಇನ್ನೊಂದು ಇನ್ನೊಂದು ಬಗೆಯದು. ಎಲ್ಲಕ್ಕೂ ಕರೆಂಟು ಕೊಡುವುದು ಮಾತ್ರ ಕೆಳಗಿನ ಒಂದೇ ಡಬ್ಬಿ. ಉಳಿದವೆಲ್ಲ ಉಣ್ಣುವವು, ಅದೊಂದೇ ಬಡಿಸುವುದು.

ಯಂತ್ರ ಬಂದ ಹೊಸತರಲ್ಲಿ ಕಾರ್ಡುಗಳು ಕಡಿಮೆ ಇದ್ದವು. ಕೆಲಸ ಬೆಳೆದಂತೆ ಒಂದು ಸೇರಿಸಿದರು, ಮತ್ತೊಂದು ಸೇರಿಸಿದರು. ಖಾನೆ ಖಾಲಿ ಇದೆಯೇ ಎಂದು ಎಲ್ಲರೂ ಬಗ್ಗಿ ನೋಡಿದರು. ಡಬ್ಬಿ ತಾಳುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಡಬ್ಬಿಗೆ ಬಾಯಿರಲಿಲ್ಲ.

ಆಮೇಲೆ ಯಂತ್ರ ನಡೆಯುತ್ತಿದ್ದಂತೆಯೇ ಆಗೊಮ್ಮೆ ಈಗೊಮ್ಮೆ ಸತ್ತಂತೆ ನಿಲ್ಲತೊಡಗಿತು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಎದ್ದು ಕೂರುತ್ತಿತ್ತು. ಅದನ್ನು ನಡೆಸುವ ಹೆಂಗಸು ಹೋಗಿ ದುರಸ್ತಿಯವನಿಗೆ ಹೇಳಿದಳು.

ದುರಸ್ತಿಯವನು ಒಳ್ಳೆಯವನು. ಯಂತ್ರವೆಂದರೆ ಅವನಿಗೆ ಜೀವ. ಆದರೆ ಅಲ್ಲಿ ಒಂದು ರೂಢಿಯಿತ್ತು. ಕೆಟ್ಟದ್ದನ್ನು ಇದ್ದಲ್ಲಿ ನೋಡುವಂತಿಲ್ಲ. ಬಿಚ್ಚಿ ಅವನ ಮೇಜಿಗೆ ತರಬೇಕು. ಅವನು ಯಂತ್ರ ಆರಿಸಿ, ಡಬ್ಬಿಯನ್ನು ಹುಷಾರಾಗಿ ಹೊರಗೆಳೆದು, ಎರಡೂ ಕೈಯಲ್ಲಿ ಹಿಡಿದು ಮೇಜಿಗೆ ತಂದ. ಧೂಳು ಊದಿದ. ಮೆತ್ತನೆಯ ಬಟ್ಟೆಯಿಂದ ಒರೆಸಿದ. ಕರೆಂಟು ಕೊಟ್ಟು ಮೀಟರು ಹಿಡಿದ. ಎಷ್ಟು ಬರಬೇಕೋ ಅಷ್ಟೇ ಬಂತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅವನಿಗೆ ಸಂತೋಷವಾಯಿತು. ತಿರುಗಿ ತಂದು ಕೂರಿಸಿದ. ಯಂತ್ರ ನಡೆಯಿತು.

ಕೆಲವು ದಿನಕ್ಕೆ ಮತ್ತೆ ನಿಂತಿತು. ಅವನು ಮತ್ತೆ ಬಿಚ್ಚಿದ, ಮತ್ತೆ ಒರೆಸಿದ, ಮತ್ತೆ ಅಳೆದ. ಮೇಜಿನ ಮೇಲೆ ಎಲ್ಲ ಸರಿಯಿತ್ತು. ಹೀಗೇ ನಡೆಯಿತು.

ಒಂದು ದಿನ ಆ ಹೆಂಗಸು ತಡೆಯಲಾರದೆ ಹೇಳಿದಳು: “ಸರ, ಮೇಜಿನ ಮ್ಯಾಲೆ ಅದು ಎಂದೂ ಬಂದ್ ಆಗೂದಿಲ್ರಿ. ಇಲ್ಲೇ, ಎಲ್ಲಾ ಕಾರ್ಡು ನಡದಾಗ ಒಮ್ಮೆ ನಿಂತು ನೋಡ್ರಿ.”

“ನಡಿಯೂ ಮಷಿನ್ನಿಗೆ ಮೀಟರ್ ಹಚ್ಚೂದು ನಮ್ಮಲ್ಲಿ ರೂಢಿ ಇಲ್ಲವ್ವಾ,” ಎಂದ ಅವನು. “ನಾ ಇಷ್ಟು ಸಲ ನೋಡೇನಿ. ಮೀಟರ್ ಸುಳ್ಳು ಹೇಳತೈತೇನು?”

ಮೀಟರು ಸುಳ್ಳು ಹೇಳಿರಲಿಲ್ಲ. ಮೇಜಿನ ಮೇಲೆ ಆ ಡಬ್ಬಿ ಯಾರಿಗೂ ಬಡಿಸಬೇಕಾಗಿರಲಿಲ್ಲ, ಅಷ್ಟೆ.

ಕೊನೆಗೊಂದು ದಿನ ಯಂತ್ರ ನಿಂತಿತು. ಎಷ್ಟು ಹೊತ್ತು ಬಿಟ್ಟರೂ ಏಳಲಿಲ್ಲ. ಸುಟ್ಟ ವಾಸನೆ ಬಂತು. ದುರಸ್ತಿಯವನು ಓಡಿಬಂದು, ಅವತ್ತು ಮೊದಲ ಸಲ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಒಂದು ಬೆಸುಗೆ ಕಾದು ಕಾದು ಬಿರಿದಿತ್ತು. ಸುತ್ತಲಿನ ಹಲಗೆ ಕರಿಯಾಗಿ ಹೋಗಿತ್ತು. ಆ ಕರಿ ಒಂದು ದಿನದ್ದಲ್ಲ. ಎಲ್ಲ ಕಾರ್ಡುಗಳ ಭಾರ ಒಟ್ಟಿಗೆ ಬಿದ್ದು ಬಿಸಿಯೇರಿದಾಗ ಬಿರುಕು ಬಾಯಿ ತೆರೆಯುತ್ತಿತ್ತು, ತಣ್ಣಗಾದಾಗ ಮುಚ್ಚಿಕೊಳ್ಳುತ್ತಿತ್ತು. ಬಿಚ್ಚಿ ಮೇಜಿಗೆ ತರುವಷ್ಟರಲ್ಲಿ ಪ್ರತಿಸಲವೂ ಅದು ತಣ್ಣಗಾಗಿರುತ್ತಿತ್ತು. ದುರಸ್ತಿಯವನು ಎಲ್ಲರ ಎದುರಿಗೇ ಅತ್ತುಬಿಟ್ಟ. ಅಷ್ಟು ಅಕ್ಕರೆಯಿಂದ ಒರೆಸಿದ ಡಬ್ಬಿ ಅದು. ಒಂದೆರಡು ಕಾರ್ಡು ಇಳಿಸಿದ್ದರೆ ಉಳಿಯುತ್ತಿತ್ತು.

ಅಜ್ಜ ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. “ಎಂಥಾ ಮನಷ್ಯಾರೀ ಅಂವ? ಎಲ್ಲಿ ಕೆಡತೈತೋ ಅಲ್ಲಿ ನೋಡಬೇಕಿಲ್ಲೇನ್ರಿ? ಬಿಚ್ಚಿ ತಂದು ಒರಸಿದರ ಏನ್ ಬಂತು? ಆ ಹೆಣ್ಮಗಳು ಬಾಯಿಬಿಟ್ಟು ಹೇಳಿದರೂ ತಿಳೀಲಿಲ್ಲೇನು ಅವಗ?”

ಅಜ್ಜ ಅವನನ್ನು ಗದರಿಸಲಿಲ್ಲ. ಮಾತುಮಾತಿಗೆ ಶಿಷ್ಯರನ್ನು ಛೇಡಿಸುವ ಅಜ್ಜ ಅವತ್ತು ನಗಲೂ ಇಲ್ಲ. ಅವರಿಗೆ ಅವನನ್ನು ಕಂಡು ಸಂಕಟವಾಯಿತು. ಹತ್ತಿರ ಸರಿದು, ಅವನ ಕೈ ಹಿಡಿದುಕೊಂಡು, ಮೆಲ್ಲಗೆ ಕೇಳಿದರು:

“ತಮ್ಮಾ, ನೀಲವ್ವನ್ನ ತವರಿಗೆ ಕರಕೊಂಡು ಬಂದು ನೋಡಿದಿ; ಆಕಿ ಒಲಿ ಮುಂದ ಒಂದಿನಾರ ಕುಂತು ನೋಡಿದ್ಯೇನು?”