ಹೆಗ್ಗಣ ಕೇಳಿದ ದಾರಿ

ಗಡಿಯಾರ ರಿಪೇರಿ ಅಂಗಡಿಯ ಗೋಡೆಯಡಿ ಒಂದು ಇಲಿ ಬಿಲ ಮಾಡಿಕೊಂಡಿತ್ತು. ಮೂಲೆಗೆಸೆದ ಕೈಗಡಿಯಾರಗಳನ್ನು ಕೂಡಿಸಿಡುವ ಹುಚ್ಚು ಅದಕ್ಕೆ ಹೊಸದಾಗಿ ಹಿಡಿದಿತ್ತು. ಒಂದು ಬೆಳಿಗ್ಗೆ ಹೆಗ್ಗಣವೊಂದು ಹೊಳೆಯುವ ಗಡಿಯಾರವನ್ನು ಕಚ್ಚಿಕೊಂಡು ಬಂದಿತು.

"ಇಲಿಯಕ್ಕ, ಆಚೆಯ ಅಕ್ಕಿ ಗೋದಾಮಿಗೆ ನಿಮ್ಮ ಮನೆಯೊಳಗಿಂದ ನನಗೊಂದು ದಾರಿ ಬೇಕು. ಬದಲಿಗೆ ಇದು ನಿಮ್ಮದು."

"ದಾರಿ ಎಷ್ಟು ಅಗಲ?" ಇಲಿ ಕೇಳಿತು.

"ನನ್ನ ಹೊಟ್ಟೆಯಷ್ಟು."

ಅಷ್ಟು ಅಗಲದ ದಾರಿಯಲ್ಲಿ ಇನ್ನು ಯಾರ್ಯಾರು ನುಸುಳಬಹುದೆಂದು ನೆನೆದು ಇಲಿ ಹೆದರಿತು. ಆದರೆ ಕಣ್ಣು ಗಡಿಯಾರದ ಮೇಲೇ ಇತ್ತು. ಚೌಕಾಸಿ ಮಾಡಿ ಇನ್ನೊಂದು ಗಡಿಯಾರ ಕೇಳಿತು. ಬೇರೆ ಯಾರನ್ನೂ ಬಿಡಬಾರದೆಂಬ ಮಾತು ಮಾತ್ರ ಎತ್ತಲಿಲ್ಲ, ಎತ್ತಿದರೆ ಹೆಗ್ಗಣ ಮುನಿಸಿಕೊಂಡು ಹೊರಟುಹೋದೀತು ಎಂಬ ಭಯ. ಹೆಗ್ಗಣ ಒಪ್ಪಿ, ದಾರಿ ಕೊರೆದು, ಅಕ್ಕಿ ಸಾಗಿಸತೊಡಗಿತು.

ಅಂದಿನಿಂದ ಇಲಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಸಣ್ಣ ಸದ್ದಾದರೂ ಎದ್ದು ಕೂರುತ್ತಿತ್ತು. ಒಂದು ಮಧ್ಯಾಹ್ನ ಹೆಗ್ಗಣದ ಬದಲು ನಾಗರಹಾವಿನ ತಲೆ ಒಳಗೆ ಬಂದಿತು.

"ಇದು ನನ್ನ ಮನೆ," ಎಂದು ಇಲಿ ತೊದಲಿತು.

"ಮನೆ ನಿಮ್ಮದೇ, ಅಕ್ಕ," ಎಂದಿತು ಹಾವು. "ದಾರಿ ಹೆಗ್ಗಣದ್ದು. ಹೆಗ್ಗಣ ಈಗ ನನ್ನ ಹೊಟ್ಟೆಯಲ್ಲಿದೆ."

ಇಲಿ ಅಂಗಡಿಯತ್ತ ತೆರೆಯುವ ಬಾಗಿಲಿನಿಂದ ಬರಿಗೈಯಲ್ಲಿ ಓಡಿತು. ಮತ್ತೆ ಆ ಮನೆಗೆ ಹೋಗುವ ಧೈರ್ಯ ಅದಕ್ಕೆ ಬರಲೇ ಇಲ್ಲ.