ಕ್ರಾಲಿಕನಿಗಾಗಿ ಬಾರಿಸಿದ ಗಂಟೆ

ಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರ ಸರ್ಕಾರ ಬಂದ ಹೊಸತು. ಒಂದು ಹಳ್ಳಿಗೆ ಕ್ರಾಲಿಕ್ ಎಂಬ ಅಧಿಕಾರಿ ಬಂದ. ಪಟ್ಟಣದಲ್ಲೇ ಬೆಳೆದವನು. ಅವನಿಗೆ ದೇವರಿಗಿಂತ ಪಾದ್ರಿಯ ಮೇಲೇ ಹೆಚ್ಚು ಸಿಟ್ಟು. ಪಾದ್ರಿ ಬೀದಿಗಿಳಿದರೆ ಜನ ಟೋಪಿ ತೆಗೆಯುತ್ತಿದ್ದರು. ಕ್ರಾಲಿಕ್ ಬಂದರೆ ಅದನ್ನೇ ಕಿವಿ ಮುಚ್ಚುವ ಹಾಗೆ ಎಳೆದುಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚು ತಡೆಯಲಾಗದೆ ಪಾದ್ರಿಯನ್ನು ಕಚೇರಿಯ ನೆಲಮಾಳಿಗೆಯಲ್ಲಿ ಕೂಡಿಹಾಕಿದ. ಆದರೂ ಒಂದು ಟೋಪಿಯೂ ಅಲುಗಲಿಲ್ಲ.

ಕೊನೆಗೆ ಚರ್ಚಿನ ಗಂಟೆ ಬಾರಿಸುವವನನ್ನು ಕರೆಸಿದ.

"ನಾಳೆ ಮೇಲಧಿಕಾರಿ ಬರುತ್ತಾರೆ. ಅವರೆದುರು ಊರೆಲ್ಲ ನನಗೆ ಟೋಪಿ ತೆಗೆಯಬೇಕು. ಇಲ್ಲದಿದ್ದರೆ ನೀನೂ ನೆಲಮಾಳಿಗೆಗೆ."

"ಗಂಟೆ ಬಾರಿಸಿದರೆ ತೆಗೆಯುತ್ತಾರೆ ಕಾಮ್ರೇಡ್. ನಿಮಗಾಗಿ ಬಾರಿಸಲೇ?"

"ನನಗಾಗಿಯೇ ಬಾರಿಸು."

ಮರುದಿನ ಗಂಟೆ ನಿಧಾನವಾಗಿ ಮೊಳಗಿತು. ಜನ ಕಪ್ಪು ಬಟ್ಟೆ ತೊಟ್ಟು ಬಂದು, ಕಚೇರಿಯ ಮುಂದೆ ಟೋಪಿ ತೆಗೆದು ನಿಂತರು. ಮೆಟ್ಟಿಲ ಮೇಲೆ ಕ್ರಾಲಿಕ್ ಎದೆಯುಬ್ಬಿಸಿದ. ಮೇಲಧಿಕಾರಿ ಅವನ ಬೆನ್ನು ತಟ್ಟಿ ಕಾರಿನತ್ತ ನಡೆದರು. ಜನ ದಾರಿ ಬಿಡಲಿಲ್ಲ.

"ಇವರು ಹೋಗುವುದು ಯಾವಾಗ?" ಎಂದರು ಮೇಲಧಿಕಾರಿ.

"ಇದು ಸಾವಿನ ಗಂಟೆ ಸ್ವಾಮಿ," ಎಂದ ಗಂಟೆಯವನು. "ಪಾದ್ರಿ ಪ್ರಾರ್ಥನೆ ಮುಗಿಸುವ ತನಕ ನಮ್ಮವರು ಕದಲುವುದಿಲ್ಲ. ಅವರೋ ಈ ಕಚೇರಿಯ ನೆಲಮಾಳಿಗೆಯಲ್ಲಿದ್ದಾರೆ."

"ಹಾಗಾದರೆ ಅವನನ್ನು ಹೊರಗೆ ಬಿಟ್ಟು ಪ್ರಾರ್ಥನೆ ಬೇಗ ಮುಗಿಸಿ."

ನೆಲಮಾಳಿಗೆಯಿಂದ ಬಂದ ಪಾದ್ರಿ ಬೆಳಕಿಗೆ ಕಣ್ಣು ಕಿರಿದುಮಾಡಿ ಕೇಳಿದರು: "ತೀರಿಕೊಂಡವರು ಯಾರಪ್ಪಾ?"

"ಯಾರೆಂದು ನಾನು ಹೇಗೆ ಹೇಳಲಿ ಫಾದರ್? ಈ ಕಾಮ್ರೇಡ್ ತಮಗಾಗಿಯೇ ಬಾರಿಸು ಅಂದರು."

ಪಾದ್ರಿ ಕ್ರಾಲಿಕನ ಕಡೆ ತಿರುಗಿ, ಕೈಮುಗಿದು ಪ್ರಾರ್ಥನೆ ಶುರುಮಾಡಿದರು. ಕ್ರಾಲಿಕ್ ಸಹಾಯಕ್ಕೆಂದು ಮೇಲಧಿಕಾರಿಯತ್ತ ನೋಡಿದ.

ಅವರ ಟೋಪಿಯೂ ಕೈಯಲ್ಲಿತ್ತು.