ಮುಟ್ಟದೆ ಬಿಟ್ಟ ಗಂಟು

ಗೀಜಗವೊಂದು ಗೂಡು ಹೆಣೆಯುವುದು, ಗಂಟು ಸಡಿಲವಾಯಿತೆಂದು ಬಿಚ್ಚುವುದು, ಮತ್ತೆ ಹೆಣೆಯುವುದು, ಇದರಲ್ಲೇ ಸೋತುಹೋಗಿತ್ತು. ಅದರ ಹೆಂಡತಿಗೆ ಮೊಟ್ಟೆಯಿಡುವ ದಿನ ಹತ್ತಿರವಾಗಿತ್ತು.

“ಎಲ್ಲಾ ಕೊಬ್ಬು! ಎರಡು ಏಟು ಬಿಟ್ಟರೆ ಸರಿಹೋಗುತ್ತಾನೆ,” ಎಂದಿತು ಕಾಗೆ.

ಚಿಕಿತ್ಸೆಗೆಂದು ಬಂದ ವೈದ್ಯ ಮರಕುಟಿಗ ಗೂಡನ್ನು ನೋಡಲೇ ಇಲ್ಲ. ಗೀಜಗದ ಊಟ, ನಿದ್ದೆ ವಿಚಾರಿಸಿ, “ಗಂಟು ಬಿಗಿಯಾಗಿದೆಯೆಂದು ನಿನಗೆ ಗೊತ್ತಲ್ಲವೇ?” ಎಂದು ಕೇಳಿತು.

“ಗೊತ್ತು ಸ್ವಾಮಿ. ಆದರೂ ಮನಸ್ಸು ಬಿಡುವುದಿಲ್ಲ.”

“ಹಾಗಾದರೆ ಇದು ಕೊಬ್ಬಲ್ಲ, ಕಾಯಿಲೆ. ವಾಸಿಯಾಗುತ್ತದೆ. ದಿನವೂ ಈ ಕಹಿ ತೊಗಟೆ ತಿನ್ನು. ಇವತ್ತು ಒಂದು ಗಂಟನ್ನು ಮಾತ್ರ ಮುಟ್ಟಬೇಡ.”

“ಪ್ರಾಣವೇ ಹೋಗುತ್ತದೆ!”

“ಹಾಗನ್ನಿಸುತ್ತದೆ. ಆ ಭಯ ಇಳಿಯುವವರೆಗೆ ನಾನು ಇಲ್ಲೇ ಕೂರುತ್ತೇನೆ.”

ಗೀಜಗ ಗಡಗಡ ನಡುಗಿತು. ಮರಕುಟಿಗ ಕದಲಲಿಲ್ಲ. ಸಂಜೆಗೆ ನಡುಕ ತಾನಾಗಿ ನಿಂತಿತು. ದಿನ ಕಳೆದಂತೆ ಮುಟ್ಟದೆ ಬಿಟ್ಟ ಗಂಟುಗಳು ಹೆಚ್ಚಿ, ಮೊಟ್ಟೆಗಳಿಗೆ ಗೂಡಾಯಿತು.

ಒಂದು ಎಳೆ ಹೊರಗೆ ಜೋತಾಡುತ್ತಿತ್ತು. ಮರಿಗಳು ಅದನ್ನೇ ಜಗ್ಗಿ ಆಡಿದವು. ಗೀಜಗ ನೋಡುತ್ತಾ ಹಾಯಾಗಿ ಕೂತಿತ್ತು.